ದಿಲ್ಲಿ ದಾರಿಯ ಬುತ್ತಿ

ನಮ್ಮ ಅಜ್ಜಿ ಶಿವಲಿಂಗವ್ವನದು ಒಂದೇ ಹಟ. ತಾನು ಕಟ್ಟಿದ ಮೊಸರನ್ನದ ಬುತ್ತಿ ಕೆಡದೆ ಮುಟ್ಟುವ ಊರಿಗಷ್ಟೇ ಮನೆಯ ಹೆಣ್ಣು ಕೊಡಬೇಕು. ನನ್ನ ಅಕ್ಕಂದಿರಿಗೆ ಗದಗ, ನರಗುಂದ ಗೊತ್ತಾದದ್ದು ಹಾಗೆಯೇ. ನನಗೆ ಬಂದದ್ದು ದಿಲ್ಲಿ.

ವರ ಕಲ್ಲೇಶ ನವಲಗುಂದದವನೇ, ದಿಲ್ಲಿಯ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ನನ್ನನ್ನು ನೋಡಲು ಹೆಬ್ಬಳ್ಳಿಗೆ ಬಂದವನು, "ಅವಲಕ್ಕಿಗೆ ಉಪ್ಪ ಬಿದ್ದಿಲ್ರಿ" ಎಂದು ಎಲ್ಲರೆದುರೇ ಹೇಳಿ, ಮತ್ತೊಮ್ಮೆ ಹಾಕಿಸಿಕೊಂಡು ತಿಂದ. ನನಗೆ ಸಿಟ್ಟೂ ಬಂತು, ನಗೆಯೂ ಬಂತು. ಮದುವೆಯಾದರೆ ಇವನನ್ನೇ ಅನ್ನಿಸಿಬಿಟ್ಟಿತು.

"ದಿಲ್ಲಿ ಎಷ್ಟು ದೂರ ಐತಪಾ?" ಅಜ್ಜಿ ಕೇಳಿದಳು.

ಶಂಭುಲಿಂಗ ಕಾಕಾ ಹತ್ತಿ ವ್ಯಾಪಾರಿ, ಮಾತಿಗೆ ಬರಗಾಲವಿಲ್ಲ. "ವಿಮಾನದಾಗ ಎರಡೂವರಿ ತಾಸು, ಯವ್ವಾ. ನೀ ಹುಬ್ಬಳ್ಳಿ ಸಂತಿಗೆ ಹೋಗಿ ಬರೂದ್ರಾಗ ನಾ ದಿಲ್ಲಿ ಮುಟ್ಟಿರ್ತೇನಿ."

ವರನ ಮನೆ ನೋಡಲು ಹೊರಟ ಕಾಕಾನ ಕೈಗೆ ಅಜ್ಜಿ ಬುತ್ತಿ ಕೊಟ್ಟಳು. ಎರಡೂವರೆ ತಾಸಿನ ದಾರಿಯಲ್ಲವೇ, ಗಟ್ಟಿ ಮೊಸರನ್ನೇ ಸುರಿದು ಅನ್ನ ಕಲಸಿದ್ದಳು. ಬೆಂಗಳೂರಿಗೆ ರಾತ್ರಿಯಿಡೀ ಬಸ್ಸು, ಅಲ್ಲಿ ಮಧ್ಯಾಹ್ನದವರೆಗೆ ಕಾಯುವುದು, ದಿಲ್ಲಿಯಲ್ಲಿಳಿದ ಮೇಲೆ ಮತ್ತೊಂದು ಬಸ್ಸು, ಇದ್ಯಾವುದನ್ನೂ ಕಾಕಾ ಬಾಯಿಬಿಟ್ಟಿರಲಿಲ್ಲ. ಅದೂ ಏಪ್ರಿಲ್ ತಿಂಗಳ ಬಿಸಿಲು.

ಮರುದಿನ ಸಂಜೆ ಫೋನು ಬಂತು. ಅಜ್ಜಿಗೆ ಕಿವಿ ಮಂದ, ಇಬ್ಬರಿಗೂ ಕೇಳುವಂತೆ ನಾನೇ ರಿಸೀವರ್ ಹಿಡಿದು ಕೂತೆ.

"ಬುತ್ತಿ ಭಾಳ ಛಲೋ ಇತ್ತು, ಯವ್ವಾ!" ಕಾಕಾ ಕೂಗಿದರು.

"ಆ ಹುಡುಗನ ಕೈಯಾಗ ಫೋನ್ ಕೊಡು."

ಕಲ್ಲೇಶ ಬಂದ. "ಅಜ್ಜೀ, ಹುಳಿಯಾಗಿತ್ರಿ. ಬಾಯಾಗ ಇಡಾಕ ಆಗಲಿಲ್ಲ. ಹೆಬ್ಬಳ್ಳಿಯಿಂದ ಇಲ್ಲಿಗೆ ಪೂರಾ ಒಂದ ದಿನದ ದಾರಿ ಅಲ್ಲೇನ್ರಿ."

ಉಪ್ಪಿಲ್ಲ ಅಂದ ಬಾಯಿ ಇವತ್ತೊಂದು ದಿನ ಸುಮ್ಮನಿರಬಾರದಿತ್ತೇ! ಸಂಬಂಧ ಮುರಿಯಿತೆಂದು ನನಗೆ ಅಳುವೇ ಬಂತು. ರಿಸೀವರ್ ಇಟ್ಟು ಅಡುಗೆಮನೆಗೆ ಓಡಿದೆ.

ಅಜ್ಜಿ ಗೋಡೆ ಹಿಡಿದುಕೊಂಡು ಹಿಂದೆಯೇ ಬಂದಳು. ಮುಖ ಕೆಂಪಗಾಗಿತ್ತು. "ನಿಮ್ಮ ಕಾಕಾಗ ಬುದ್ಧಿ ಐತೇನ? ಒಂದ ದಿನದ ದಾರಿ ಅಂತ ಹೇಳಿದ್ರ ಅನ್ನಕ್ಕ ಹಾಲು ಹಾಕಿ, ಒಂದ ಚಮಚಾ ಮೊಸರು ಬಿಡ್ತಿದ್ದೆ. ದಾರ್ಯಾಗ ತಾನ ಹೆಪ್ಪಾಗ್ತಿತ್ತು. ಗಾಳ್ಯಾಗ ಹಾರೂದಷ್ಟ ಹೇಳಿದ್ರ ಬುತ್ತಿಗೆ ಗೊತ್ತಾಗತೈತೇನ?"

"ಹಂಗಾರ ದಿಲ್ಲಿ ದೂರ ಆಗಲಿಲ್ಲೇನ ಬೇ?" ನಾನು ಕಣ್ಣೊರೆಸಿಕೊಂಡೆ.

"ದೂರಕ್ಕ ನಾ ಎಂದ ಅಂಜೇನಿ? ಖರೇ ದಾರಿ ಗೊತ್ತಾದ್ರ ಕಾಶಿಗೂ ಕಟ್ತೇನಿ. ಆ ಹುಡುಗಾ ಖರೇ ಹೇಳ್ತಾನ. ಅವಗ ಕೊಡೂಣು."

ಶ್ರಾವಣಕ್ಕೆ ಮೊದಲೇ ಮದುವೆಯಾಯಿತು. ದಿಲ್ಲಿಗೆ ಹೊರಡುವ ದಿನ ಅಜ್ಜಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಬಸ್ಸು, ಕಾಯುವುದು, ವಿಮಾನ, ಮತ್ತೆ ಬಸ್ಸು, ಎಲ್ಲವನ್ನೂ ಹೇಳಿಸಿದಳು. ಆಮೇಲೆ ಕಾಸಿದ ಹಾಲು ಸುರಿದು, ಚಮಚದ ತುದಿಯಷ್ಟು ಮೊಸರು ಬಿಟ್ಟಳು. ಕಾಕಾ ಡಬ್ಬಿಯ ಮುಚ್ಚಳ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

ದಿಲ್ಲಿಯ ಮನೆಯಲ್ಲಿ ಡಬ್ಬಿ ತೆರೆದೆವು. ಕಲ್ಲೇಶ ಒಂದು ತುತ್ತು ತಿಂದು ಇನ್ನಷ್ಟು ಹಾಕೆಂದು ತಟ್ಟೆ ಮುಂದೆ ಚಾಚಿದ. ಕೂಡಲೇ ಹೆಬ್ಬಳ್ಳಿಗೆ ಫೋನು ಹಚ್ಚಿದೆ.

"ಹ್ಯಾಂಗಿತ್ತ?" ಅಜ್ಜಿ ಕೇಳಿದಳು. ಸುಖವಾಗಿ ಮುಟ್ಟಿದೆಯಾ ಎಂದಲ್ಲ.

"ಈಗಷ್ಟ ಹೆಪ್ಪಾಗೇತಿ ಬೇ. ಹುಳಿ ಇಲ್ಲ."

ಅಜ್ಜಿ ಅಲ್ಲಿಂದಲೇ ಅಪ್ಪಣೆ ಮಾಡಿದಳು.

"ಪಂಚಮಿಗೆ ಬರೂ ಮುಂದ ನೀ ಕಟಗೊಂಡ ಬಾ. ನಿನ್ನ ಮನಿ ಅನ್ನ ನಾನೂ ಉಣಬೇಕು. ಹಾಲು ಕಡಿಮಿ ಮಾಡಬ್ಯಾಡ, ಬರೂ ದಾರಿನೂ ಅಷ್ಟ ಐತಿ."