ಉಚ್ಚೆ ಮಾಸ್ತರರ ಫೋನು

ತೋಳು ಹಳ್ಳಕ್ಕೆ ಬಿದ್ದರೆ ಆಳಿಗೊಂದು ಸೂಜಿ. ಗಾದೆ ಹೀಗಿಲ್ಲ, ಅದು ತೋಳ, ಅದು ಕಲ್ಲು ಎಂದು ಹುಬ್ಬು ಗಂಟಿಕ್ಕಬೇಡಿ. ಬೇಸ್‌ಬಾಲ್ ಆಡಿ ಹೊಟ್ಟೆ ಹೊರೆಯುವವರಲ್ಲಿ ಹಳ್ಳಕ್ಕೆ ಬೀಳುವುದು ಚೆಂಡೆಸೆಯುವ ತೋಳೇ. ಬೇಕಾದರೆ ಗಾದೆ ಸುಳ್ಳೆನ್ನಿ, ಕಥೆ ಮಾತ್ರ ನಡೆದದ್ದು.

ಕೋಲ್ಬಿ ರೆನ್‌ಶಾನ ಚೆಂಡೆಸೆಯುವ ಮೊಣಕೈಯ ನಾರು ಹರಿದದ್ದು ಎರಡು ವರ್ಷದ ಹಿಂದೆ. ಹೊಲಿದ ಡಾಕ್ಟರು, ಕೈ ಬರುತ್ತದೆ, ವೇಗ ಬರುವುದಿಲ್ಲ ಎಂದರು. ಅದನ್ನು ಒಪ್ಪದಿದ್ದವನು ಒಬ್ಬನೇ, ಅವನ ತಂಡದಲ್ಲಿ ಎಸೆದ ಚೆಂಡು ಹಿಡಿಯುವ ಕ್ಯಾಚರ್ ವೆಂಡೆಲ್ ಕ್ರೌಟರ್. ಇಂಡಿಯಾನಾದಲ್ಲಿ ತನ್ನ ಮಾವನ ಹುಲ್ಲಿನ ಕೊಟ್ಟಿಗೆಯಲ್ಲಿ ಚಳಿಗಾಲ ಪೂರ್ತಿ ಕುಕ್ಕರಗಾಲಲ್ಲಿ ಕೂತು ಕೋಲ್ಬಿ ಎಸೆದ ಚೆಂಡು ಹಿಡಿದ. ಫೆಬ್ರವರಿಯ ಹೊತ್ತಿಗೆ ವೆಂಡೆಲನ ಎಡಗೈ ಬನ್ನಿನಂತೆ ಊದಿತ್ತು, ಕೋಲ್ಬಿಯ ಚೆಂಡು ಮತ್ತೆ ಸಿಳ್ಳೆ ಹಾಕುತ್ತಿತ್ತು.

"ಈ ವೇಗದಲ್ಲಿ ಅರ್ಧ ನಂದು ಕಣೋ," ಎನ್ನುತ್ತಿದ್ದ ವೆಂಡೆಲ್.

"ಅರ್ಧ ಯಾಕೆ ಗುರು, ಮುಕ್ಕಾಲು ಇಟ್ಕೊ," ಎನ್ನುತ್ತಿದ್ದ ಕೋಲ್ಬಿ.

ಆಗಸ್ಟಿನಲ್ಲಿ ಇಬ್ಬರಿಗೂ ಒಂದೇ ದಿನ ಮೇಲಿನ ಲೀಗಿನಿಂದ ಕರೆ ಬಂತು. ಕೋಲ್ಬಿಗೆ ಇಪ್ಪತ್ತನಾಲ್ಕು. ವೆಂಡೆಲನಿಗೆ ಮೂವತ್ತಮೂರು, ಹನ್ನೊಂದು ವರ್ಷ ಸಣ್ಣ ಊರುಗಳ ನಡುವೆ ಬಸ್ಸಿನಲ್ಲಿ ಕುಲುಕಾಡಿದವನು, ಮರುದಿನ ಮೊದಲ ಬಾರಿಗೆ ವಿಮಾನದಲ್ಲಿ ಆಟಕ್ಕೆ ಹೋಗಬೇಕಿತ್ತು.

ಮೇಲೆ ಹೋಗುವವನನ್ನು ಬೇಸ್ತು ಬೀಳಿಸದೆ ಕಳಿಸುವುದು ಆ ಆಟಗಾರರ ಕೋಣೆಯಲ್ಲಿ ಅಪಶಕುನ. ಹುಡುಗರು ತನ್ನ ಬೂಟನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸುವ ಮೊದಲು ತಾನೇ ಕೋಲ್ಬಿಯನ್ನು ಬೇಸ್ತು ಬೀಳಿಸುವುದು ಲೇಸೆಂದು ವೆಂಡೆಲ್ ಲೆಕ್ಕ ಹಾಕಿದ. ಅವನ ಬಾಯಿಗೆ ಬಾರದ ದನಿ ಇರಲಿಲ್ಲ. ಮ್ಯಾನೇಜರನ ಕೆಮ್ಮು, ಅಂಪೈರನ ರಾಗ, ಸ್ವಂತ ಅತ್ತೆಯ ಗೊಣಗು ಎಲ್ಲ ಬರುತ್ತಿದ್ದವು. ಆದರೆ ಅವನ ಮೇರುಕೃತಿ ಲಂಡೀನ್. ಬಲ ಹೆಚ್ಚಿಸುವ ನಿಷೇಧಿತ ಮದ್ದು ತಗೊಂಡ ಆಟಗಾರರನ್ನು ಪತ್ತೆ ಹಚ್ಚಲು ಮೂತ್ರದ ಬಾಟಲಿ ಹಿಡಿದು ಬರುವ, ಅದು ತುಂಬುವ ತನಕ ಎದುರಿಗೇ ನಿಂತು ನೋಡುವ, ಮಾತಿಗೊಮ್ಮೆ ಮೂಗೆಳೆಯುವ ಸಜ್ಜನ. ಹುಡುಗರು ಇಟ್ಟ ಹೆಸರು ಉಚ್ಚೆ ಮಾಸ್ತರ.

ಮಧ್ಯಾಹ್ನ ಮ್ಯಾನೇಜರ್ ಊಟಕ್ಕೆ ಹೋಗಿದ್ದ. ಅವನ ಕೋಣೆಯ ಫೋನಿಗೆ ಸ್ಪೀಕರ್ ಹಾಕಿ, ಸುತ್ತ ತಂಡದ ಓಸ್ವಾಲ್ಡೊ ಮತ್ತಿತರ ನಾಲ್ವರನ್ನು ಕೂರಿಸಿಕೊಂಡು, ವೆಂಡೆಲ್ ಚಿಕಿತ್ಸೆಯ ಕೋಣೆಗೆ ಕರೆ ಮಾಡಿದ. ಅಲ್ಲಿ ಕೋಲ್ಬಿ ಒಬ್ಬನೇ ಮೊಣಕೈಗೆ ಐಸು ಕಟ್ಟಿಕೊಂಡು ಕೂತಿದ್ದ.

"ಮಿಸ್ಟರ್ ರೆನ್‌ಶಾ? ಲಂಡೀನ್ ಮಾತಾಡ್ತಿರೋದು. ಸ್ಸ್. ಹೋದ ವಾರದ ನಿಮ್ಮ ಬಾಟ್ಲಿ ವಿಷಯ. ಸ್ಸ್."

"ಏನು ಸಿಕ್ತು?" ಕೋಲ್ಬಿಯ ದನಿ ಸಣ್ಣದಾಗಿತ್ತು.

"ಸಿಗಬಾರದ್ದು. ಸ್ಸ್."

ಓಸ್ವಾಲ್ಡೊ ನಗು ತಡೆಯಲಾರದೆ ಟವೆಲ್ ಕಚ್ಚಿದ. ಕೋಲ್ಬಿಯ ಮಾತು ಒಮ್ಮೆಲೇ ಬಂತು.

"ಸರ್, ಅದು ನಂದಲ್ಲ. ವೆಂಡೆಲ್‌ದು, ನಮ್ಮ ಕ್ಯಾಚರ್. ಚಳಿಗಾಲ ಪೂರ್ತಿ ವಿಟಮಿನ್ ಅಂತ ಹೇಳಿ ಅವನೇ ಚುಚ್ತಿದ್ದ. ಬೇಕಾದ್ರೆ ನೋಡಿ, ಅವನ ಬೀರುವಿನ ಮೇಲಿನ ಹಲಗೇಲಿ ಪೌಡರ್ ಡಬ್ಬ ಇದೆ, ಅದರೊಳಗಿದೆ. ನಾನು ಹೇಳಿದ್ದು ಅಂತ ಮಾತ್ರ ಹೇಳ್ಬೇಡಿ. ಅವನಿಗೆ ಮಕ್ಕಳಿದಾರೆ."

ವೆಂಡೆಲ್ ಫೋನು ಇಟ್ಟದ್ದೇ ತಡ, ಕೋಣೆಯ ಸೂರು ಹಾರುವಂತೆ ನಗು ಎದ್ದಿತು. "ಸಿಕ್ಕಿಬಿದ್ದೆ ಗುರು," ಎಂದ ಓಸ್ವಾಲ್ಡೊ ಕಣ್ಣೊರೆಸಿಕೊಳ್ಳುತ್ತ. "ಮೊದಲ ಸ್ಸ್‌ಗೇ ನಿನ್ನ ಗುರುತು ಹಿಡಿದಿದಾನೆ. ನಿನ್ನ ಟೋಪಿ ನಿನಗೇ ಹಾಕಿದ."

ವೆಂಡೆಲನೂ ನಕ್ಕ. ಶಿಷ್ಯ ಬಲು ಚುರುಕು ಎಂದು ಹೆಮ್ಮೆಯೂ ಆಯಿತು. "ನಡೀರಿ, ಕಳ್ಳಮಾಲು ಜಪ್ತಿ ಮಾಡೋಣ," ಎಂದು ಲಂಡೀನನ ದನಿಯಲ್ಲೇ ಮೂಗೆಳೆಯುತ್ತ ತನ್ನ ಬೀರುವಿನ ಬಳಿ ಹೋದ. ಹುಡುಗರು ಹಿಂದೆಯೇ ಬಂದು ಬೆಂಚಿನ ಮೇಲೆ ಒರಗಿಕೊಂಡರು. ಡಬ್ಬದ ಮುಚ್ಚಳ ತಿರುಗಿಸಿದ. ಪೌಡರಿನಲ್ಲಿ ಎರಡು ಬೆರಳು ಇಳಿಸಿದ.

ಬೆರಳಿಗೆ ಗಾಜು ತಾಗಿತು. ಪಕ್ಕದಲ್ಲಿ ಸಣ್ಣ ಸೂಜಿ, ಒಂದಲ್ಲ ಎರಡು.

ಅವನ ಬೆನ್ನು ಮಾತ್ರ ಹುಡುಗರ ಕಡೆಗಿತ್ತು. ಮುಚ್ಚಳ ಮತ್ತೆ ತಿರುಗಿಸಿದರೆ ಮುಗಿಯಿತು. ನಾಳೆ ವಿಮಾನ, ಹನ್ನೊಂದು ವರ್ಷದ ಬಸ್ಸಿಗೆ ಕೊನೆ. ಇಟ್ಟುಬಿಡಲೆಂದೇ ಕೈ ಮುಂದಾಯಿತು. ಆದರೆ ಕೊಟ್ಟಿಗೆಯಲ್ಲಿ ಹಿಡಿದ ಒಂದೊಂದು ಚೆಂಡೂ ಈಗ ಅಂಗೈಯಲ್ಲಿ ಬೇರೆ ಥರ ಉರಿಯುತ್ತಿತ್ತು. ವೇಗದಲ್ಲಿ ಮುಕ್ಕಾಲು ಬಿಡಿ, ಕಾಲು ಕೂಡ ಅವನದಾಗಿರಲಿಲ್ಲ, ಎಲ್ಲ ಮದ್ದಿನದು. ಅವನದೆಂದು ಕೋಲ್ಬಿ ಬರೆದುಕೊಟ್ಟಿದ್ದು ಈ ಸೀಸೆಯನ್ನು ಮಾತ್ರ, ಅದೂ ಸಿಕ್ಕಿಬಿದ್ದರೆ ಹೊರಿಸಲೆಂದು ಬಹಳ ದಿನದ ಹಿಂದೆಯೇ ಯೋಚಿಸಿ, ಇಲ್ಲಿ ಬಚ್ಚಿಟ್ಟು.

ಅಷ್ಟರಲ್ಲಿ ಕೋಲ್ಬಿ ಐಸು ತೊಟ್ಟಿಕ್ಕಿಸುತ್ತ ಒಳಗೆ ಬಂದ. ಹುಡುಗರ ಮುಖ ನೋಡಿದ, ನಗು ನೋಡಿದ, ಒಂದು ಗಳಿಗೆ ನಿಂತ, ಆಮೇಲೆ ತಾನೂ ನಗಲು ಶುರುಮಾಡಿದ.

"ನಿನ್ನ ದನಿ ನಂಗೆ ಗೊತ್ತಾಗಲ್ವಾ ಮಾರಾಯ? ಹೆಂಗೆ ಕೊಟ್ಟೆ ನೋಡು."

"ಚೆನ್ನಾಗಿ ಕೊಟ್ಟೆ," ಎಂದ ವೆಂಡೆಲ್. ಸ್ವಂತ ದನಿ ಅವನಿಗೇ ಯಾರದೋ ಅನುಕರಣೆಯಂತೆ ಕೇಳಿಸಿತು. ಪೌಡರ್ ಮೆತ್ತಿದ ಸೀಸೆಯನ್ನೂ ಸೂಜಿಗಳನ್ನೂ ತಂದು ಎಲ್ಲರ ನಡುವಿನ ಇಸ್ಪೀಟ್ ಮೇಜಿನ ಮೇಲಿಟ್ಟ. "ನೀನು ತಮಾಷೆಗೆ ಅಂದಿದ್ದು, ಅಂದ ಜಾಗದಲ್ಲೇ ಹೇಗೆ ಸಿಕ್ತೋ?"

ಓಸ್ವಾಲ್ಡೊನ ನಗು ಮೊದಲು ನಿಂತಿತು, ಆಮೇಲೆ ಉಳಿದವರದು ಒಬ್ಬೊಬ್ಬರಾಗಿ. ಯಾರೋ ಟವೆಲನ್ನು ಮಡಿಚತೊಡಗಿದರು. ಕೋಲ್ಬಿ ಮಾತ್ರ ಮೊಣಕೈ ಹಿಡಿದುಕೊಂಡು, ಒಬ್ಬೊಬ್ಬರ ಮುಖವನ್ನೂ ನೋಡುತ್ತ, ಮೊದಲಿಗಿಂತ ಜೋರಾಗಿ ನಗುತ್ತಲೇ ಇದ್ದ.