ಮೊದಲು ತೋರಿಸಿ, ಆಮೇಲೆ ಒಳಗೆ ಬನ್ನಿ

"ಸ್ವಲ್ಪ ಹೊಟ್ಟೆ ಒಳಗೆ ಎಳ್ಕೊಳ್ರೀ," ಎಂದರು ಕಾತ್ಯಾಯಿನಮ್ಮ, ಬೆಲ್ಟಿನ ತುದಿಯನ್ನು ಎರಡೂ ಕೈಯಲ್ಲಿ ಜಗ್ಗುತ್ತ.

ಜಯರಾಮಯ್ಯನವರು ಎಳೆದುಕೊಳ್ಳಲಿಲ್ಲ. ಮೊನ್ನೆ ಬೆಳಗ್ಗೆ ಕಾಫಿ ಬರುವ ಮುಂಚೆಯೇ, ನಿದ್ದೆಯಲ್ಲಿ ಹೃದಯ ನಿಂತು, ಅವರು ಹೋಗಿಬಿಟ್ಟಿದ್ದರು. ಈಗ ಐರ್ಲೆಂಡಿನ ಸ್ಲೈಗೋ ಊರಿನ ಮಗಳ ಮನೆಯಲ್ಲಿ, ಸೋಫಾ ಸರಿಸಿ ಮಾಡಿದ ಜಾಗದಲ್ಲಿ, ರೇಷ್ಮೆ ಪಂಚೆ ಉಟ್ಟು ಪೆಟ್ಟಿಗೆಯೊಳಗೆ ಮಲಗಿದ್ದರು. ಒಂದು ವರ್ಷ ಐರಿಷ್ ಬೆಣ್ಣೆ ತಿಂದ ಹೊಟ್ಟೆಗೆ ತುಮಕೂರಿನ ಬೆಲ್ಟು ಎಲ್ಲಿ ಎಟುಕಬೇಕು?

"ಅಯ್ಯೋ, ನನ್ನ ಬುದ್ಧಿಗಿಷ್ಟು!" ಕಾತ್ಯಾಯಿನಮ್ಮನಿಗೆ ತಾವು ಆಡಿದ ಮಾತು ಆಮೇಲೆ ಕೇಳಿಸಿತು. ನಗುವೂ ಬಂತು, ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಜಗ್ಗಿದರು.

ಬೆಲ್ಟಿನಲ್ಲಿದ್ದದ್ದು ಕಂದು ತೊಗಲಿನ ರಿವಾಲ್ವರ್ ಚೀಲ. ಚೀಲದೊಳಗೆ ರಿವಾಲ್ವರ್ ಇರಲಿಲ್ಲ. ಜ್ವರ ನೋಡುವ ಬಿಳಿ ಪಿಸ್ತೂಲಿತ್ತು, ಕೊರೊನಾ ಬಂದಮೇಲೆ ಅಂಗಡಿ ಬಾಗಿಲಲ್ಲಿ ಎಲ್ಲರ ಹಣೆಗೂ ಹಿಡಿಯುತ್ತಿದ್ದರಲ್ಲ, ಅಂಥದ್ದು.

"ಅಮ್ಮ, ಬೇಡ. ಪ್ಲೀಸ್," ಎಂದಳು ಮಗಳು ಶರ್ವಾಣಿ, ಅಡುಗೆಮನೆ ಬಾಗಿಲಲ್ಲೇ ನಿಂತು, ಮಾಸ್ಕಿನೊಳಗಿಂದ. "ನೋಡಿದೋರು ಏನಂದ್ಕೋತಾರೆ?"

"ಹತ್ತು ಜನಕ್ಕಿಂತ ಜಾಸ್ತಿ ಬರೋ ಹಾಗಿಲ್ಲ ಅಂದ್ಯಲ್ಲ. ಅಂದ್ಕೊಂಡ್ರೂ ಹತ್ತೇ ಜನ ಅಂದ್ಕೋತಾರೆ ಬಿಡು. ಮೂವತ್ತೈದು ವರ್ಷ ನಿಮ್ಮಪ್ಪ ಇದಿಲ್ಲದೆ ಹೊಸ್ತಿಲು ದಾಟಿಲ್ಲ. ಬರೀ ಸೊಂಟದಲ್ಲಿ ಕಳಿಸಲ್ಲ ನಾನು."

ಶರ್ವಾಣಿ ಮುಂದೆ ಬರಲಿಲ್ಲ. ಅವಳು ಆಸ್ಪತ್ರೆಯ ಕೋವಿಡ್ ವಾರ್ಡಿನ ಡಾಕ್ಟರು. ವಾರ್ಡಿನವರಿಗೆಲ್ಲ ಮಾಡಿಸುವ ಟೆಸ್ಟು ಮೊನ್ನೆ ಕೊಟ್ಟಿದ್ದಳು, ರಿಸಲ್ಟು ಇನ್ನೂ ಬಂದಿರಲಿಲ್ಲ. ಅಪ್ಪನ ಮುಖವನ್ನು ದೂರದಿಂದಲೇ ನೋಡುತ್ತಿದ್ದಳು. ಅದೊಂದೇ ಕಾತ್ಯಾಯಿನಮ್ಮನಿಗೆ ಬೆಲ್ಟಿಗಿಂತ ದೊಡ್ಡ ಸಂಕಟವಾಗಿತ್ತು.

ಹೆಣ ಸಾಗಿಸುವ ವ್ಯವಸ್ಥೆಯ ಪಾಡ್ರಿಗ್, ಕಪ್ಪು ಕೋಟಿನ ಎತ್ತರದ ಮನುಷ್ಯ, ಪೆಟ್ಟಿಗೆಯೊಳಗೆ ಬಗ್ಗಿ ನೋಡಿದ. ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಇಂಡಿಯನ್ ಅಂಗಡಿಯ ಹೃಷಿಕೇಶನ ಕಿವಿಯಲ್ಲಿ ಏನೋ ಹೇಳಿದ.

"ಆಂಟಿ, ತೊಗಲು ಬೇಡ, ಪ್ಲಾಸ್ಟಿಕ್ ಬೇಡ, ಬ್ಯಾಟರಿಯಂತೂ ಬೇಡವೇ ಬೇಡ ಅಂತಿದಾರೆ. ಕ್ಯಾವನ್‌ನ ಚಿತಾಗಾರದಲ್ಲಿ ಬೆಂಕಿಗೆ ಹಾಕ್ದಾಗ ಸಿಡಿಯುತ್ತಂತೆ."

"ಸಿಡಿಯೋದಾ?" ಕಾತ್ಯಾಯಿನಮ್ಮ ಸೊಂಟಕ್ಕೆ ಕೈಯಿಟ್ಟರು. "ಮೂವತ್ತೈದು ವರ್ಷ ನಿಜವಾದ್ದೇ ಸಿಡೀಲಿಲ್ಲ. ಇದು ಸಿಡಿಯುತ್ತಾ?"

*

ಜಯರಾಮಯ್ಯ ತುಮಕೂರಿನಲ್ಲಿ ಒಂದು ಟಾಕೀಸಿನ ಮ್ಯಾನೇಜರ್ ಆಗಿದ್ದವರು. ಬ್ಲಾಕಿನಲ್ಲಿ ಟಿಕೆಟ್ ಮಾರುವವರನ್ನು ಗೇಟಿನಿಂದ ಅಟ್ಟಿದ್ದಕ್ಕೆ "ಎತ್ತಿಬಿಡ್ತೀವಿ" ಎಂಬ ಬೆದರಿಕೆ ಬಂತು. ಲೈಸೆನ್ಸ್ ಮಾಡಿಸಿ ರಿವಾಲ್ವರ್ ತಂದರು. ತಂದ ದಿನದಿಂದ ರೌಡಿಗಳ ಭಯ ಹೋಯಿತು, ರಿವಾಲ್ವರಿನ ಭಯ ಶುರುವಾಯಿತು.

ಕೊಳವೆ ಯಾರ ಕಡೆಗೂ ತಿರುಗಬಾರದು. ಬೆರಳು ಟ್ರಿಗರ್ ಹತ್ತಿರ ಸುಳಿಯಬಾರದು. ಖಾಲಿ ಅಂತ ದೇವರೇ ಹೇಳಿದರೂ ನಂಬದೆ ಕಣ್ಣಾರೆ ನೋಡಬೇಕು, ನೋಡಿದ್ದನ್ನು ಇನ್ನೊಬ್ಬರಿಗೆ ತೋರಿಸಬೇಕು. ಆ ಇನ್ನೊಬ್ಬರು ಯಾರು ಅಂದರೆ ಕಾತ್ಯಾಯಿನಮ್ಮ. ಗಂಡ ಮನೆಗೆ ಬಂದರೆ ಬೇರೆ ಹೆಂಡಿರು ಕಾಲಿಗೆ ನೀರು ಕೊಡುತ್ತಿದ್ದರು. ಇವರು ಬಾಗಿಲಿಗೆ ಅಡ್ಡ ನಿಂತು, "ಮೊದಲು ತೋರಿಸಿ, ಆಮೇಲೆ ಒಳಗೆ ಬನ್ನಿ" ಎನ್ನುತ್ತಿದ್ದರು. ಜಯರಾಮಯ್ಯ ಗೋಡೆಗೆ ಮುಖ ಮಾಡಿ ಗುಂಡು ತೆಗೆದು, ರಿವಾಲ್ವರ್ ಬಿಚ್ಚಿ ಹಿಡಿಯುತ್ತಿದ್ದರು. ಕಾತ್ಯಾಯಿನಮ್ಮ ಹುಳ ಇದೆಯೇನೋ ಎಂದು ಬದನೆಕಾಯಿ ನೋಡುವ ಹಾಗೆ ಒಂದೊಂದು ತೂತನ್ನೂ ನೋಡಿ, "ಖಾಲಿ" ಎನ್ನುತ್ತಿದ್ದರು.

ಆ ಮಾತು ಬೀಳುವವರೆಗೆ ಪುಟ್ಟ ಶರ್ವಾಣಿ ಒಳಗೆ ಕಂಬ ಹಿಡಿದು ನಿಂತಿರಬೇಕು. ಬಿದ್ದಿತೋ, ಒಂದೇ ಓಟ, ಅಪ್ಪನ ಸೊಂಟಕ್ಕೆ ಜೋತುಬೀಳುವುದು.

ರಿವಾಲ್ವರ್ ಒಂದೇ ಒಂದು ಸಲ ಕೆಲಸಕ್ಕೆ ಬಂತು. ಆಯುಧಪೂಜೆಯ ಮಧ್ಯಾಹ್ನ ಬ್ಲಾಕ್ ಟಿಕೆಟ್ ಸುರೇಶ ಲಾಂಗು ಹಿಡಿದು ನಡುಮನೆಗೇ ನುಗ್ಗಿದ. ಜಯರಾಮಯ್ಯ ಪೂಜೆಗಿಟ್ಟಿದ್ದ ರಿವಾಲ್ವರ್ ಎತ್ತಿಕೊಂಡರು. ಆಗಲೂ ನಿಯಮ ಮರೆಯಲಿಲ್ಲ.

"ನೋಡಪ್ಪಾ, ನಿನ್ನ ಹಿಂದೆ ಕಿಟಕಿ ಐತೆ. ಕಿಟಕಿ ಆಚೆ ಪಕ್ಕದ್ಮನೆ ರತ್ನಮ್ಮ ಹಪ್ಪಳ ಒಣಗಿಸ್ತಾವ್ರೆ. ಸ್ವಲ್ಪ ಎಡಕ್ಕೆ ನಿಂತ್ಕೋ."

ಸುರೇಶ ಯಾಕೋ ಏನೋ ಎಡಕ್ಕೆ ಸರಿದು ನಿಂತ. ನಿಂತು ರಿವಾಲ್ವರ್ ಕಡೆ ನೋಡಿದ. ಮೈತುಂಬ ಗಂಧ, ಕುಂಕುಮ. ಕೊಳವೆಯ ಬಾಯಲ್ಲಿ ಒಂದು ಹಳದಿ ಸೇವಂತಿಗೆ.

"ಸಾರ್," ಎಂದ ಸುರೇಶ, "ಹೂವು."

ಅವನು ನಗಲು ಶುರುಮಾಡಿದವನು ಲಾಂಗನ್ನು ನೆಲಕ್ಕೆ ಊರಿ ಕೂತೇಬಿಟ್ಟ. ಕಾತ್ಯಾಯಿನಮ್ಮ ಹೊಸ ಲಾಂಗು ಎಂದು ಅದಕ್ಕೂ ಒಂದಿಷ್ಟು ಕುಂಕುಮ ಹಚ್ಚಿ, ಅವನ ಕೈಗೆ ಕೋಸಂಬರಿ ಕೊಟ್ಟರು. ಆಮೇಲೆ ನೋಡಿದರೆ ಗಂಧ ಒಣಗಿ ರಿವಾಲ್ವರಿನ ಉರುಳೆ ತಿರುಗುತ್ತಲೇ ಇರಲಿಲ್ಲ, ಮೇಲಾಗಿ ಗುಂಡುಗಳು ಅಕ್ಕಿ ಡಬ್ಬದಲ್ಲಿದ್ದವು. ಆ ರಾತ್ರಿ ಜಯರಾಮಯ್ಯ ಊಟ ಬಿಟ್ಟರು. ಸಾಯುತ್ತಿದ್ದೆ ಅಂತಲ್ಲ. ಸಾಯಿಸಿಬಿಡುತ್ತಿದ್ದೆನೇನೋ ಅಂತ.

*

ಮಗಳ ಮನೆಗೆಂದು ಸ್ಲೈಗೋಗೆ ಹೊರಟಾಗ ರಿವಾಲ್ವರನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ, ಖಾಲಿ ಚೀಲವನ್ನು ಕಟ್ಟಿಕೊಂಡೇ ವಿಮಾನ ಹತ್ತಿದ್ದರು. ಬಂದ ಮುಂದಿನ ತಿಂಗಳೇ ಲಾಕ್‌ಡೌನ್. ಹೃಷಿಕೇಶನ ಅಂಗಡಿ ಬಾಗಿಲಲ್ಲಿ ಒಬ್ಬ ಹುಡುಗ ಬಿಳಿ ಪಿಸ್ತೂಲನ್ನು ಹಣೆಗೆ ಗುರಿಯಿಟ್ಟಾಗ ಜಯರಾಮಯ್ಯನವರ ಜೀವ ಬಾಯಿಗೆ ಬಂತು.

"ಹಣೆಗಾ? ಮನುಷ್ಯನ ಹಣೆಗಾ? ಕೊಡಪ್ಪ ಇಲ್ಲಿ!"

ಅವತ್ತಿನಿಂದ ಅಂಗಡಿ ಬಾಗಿಲು ಅವರದ್ದಾಯಿತು. ಚೀಲಕ್ಕೆ ಸರಿಯಾಗಿ ಕೂತ ಪಿಸ್ತೂಲನ್ನು ಕೊಳವೆ ಕೆಳಗೆ ಮಾಡಿ ತೆಗೆಯುವುದು, ಕೇಳಿ ಅನುಮತಿ ಪಡೆದು ಮಣಿಕಟ್ಟಿಗೆ ಮಾತ್ರ ಹಿಡಿಯುವುದು. ಒಂದು ದಿನ ಹೆಂಡತಿಯೂ ಹೃಷಿಕೇಶನೂ ಜೊತೆಗಿದ್ದಾಗ, ರಸ್ತೆಯಲ್ಲಿ ತಪಾಸಣೆಗೆ ನಿಂತಿದ್ದ ಗಾರ್ಡಾ, ಅಂದರೆ ಅಲ್ಲಿಯ ಪೊಲೀಸು, ಕೋಟಿನ ಕೆಳಗಿನ ಚೀಲ ಕಂಡು ಬಿಳುಚಿಕೊಂಡ. ಜಯರಾಮಯ್ಯ ಎರಡೇ ಬೆರಳಲ್ಲಿ ಪಿಸ್ತೂಲು ಎತ್ತಿ, ಬ್ಯಾಟರಿ ತೆಗೆದು, "ಎಂಪ್ಟಿ, ಸಾರ್" ಎಂದು ತೋರಿಸಿದರು. ಮತ್ತೆ ಬ್ಯಾಟರಿ ಹಾಕಿ ಅವನಿಗೇ ಜ್ವರ ನೋಡಿದರು. "ಯೂ ಆರ್ ಗ್ರ್ಯಾಂಡ್," ಎಂದು, ಎಲ್ಲ ಸರಿಯಿದೆ ಎಂಬುದನ್ನು ಅಲ್ಲಿಯವರ ಮಾತಿನಲ್ಲೇ ಹೇಳಿ, ಬೆನ್ನು ತಟ್ಟದೆ, ದೂರದಿಂದಲೇ ಕೈ ಮುಗಿದರು.

ಮನೆಯಲ್ಲಿ ಮಾತ್ರ ಆಟ ತಿರುಗಿತ್ತು. ವಾರ್ಡಿನಿಂದ ಬಂದ ಮಗಳು ಬಾಗಿಲಲ್ಲಿ ನಿಂತು ಮಣಿಕಟ್ಟು ಚಾಚುವಳು. ಅಪ್ಪ ನೋಡಿ, "ಜ್ವರ ಇಲ್ಲ" ಎನ್ನುವರು.

"ಆದ್ರೂ ಮುಟ್ಟೋ ಹಾಗಿಲ್ಲ ಅಪ್ಪ. ನಿಮ್ಮ ವಯಸ್ಸಿಗೆ ರಿಸ್ಕು."

"ಹೂಂ, ಗೊತ್ತು. ಅವಸರ ಮಾಡ್ಬಾರ್ದು," ಎಂದು ಅವರು ಪಿಸ್ತೂಲನ್ನು ಚೀಲಕ್ಕೆ ಹಾಕುವರು. ಅವಳು ಹಿಂದಿನ ಮೆಟ್ಟಿಲಿಂದ ತನ್ನ ಕೋಣೆಗೆ ಹೋಗುವಳು. ವರ್ಷವಿಡೀ ಹೀಗೇ ನಡೆಯಿತು.

*

"ಪಾಡ್ರಿಗ್‌ಗೆ ಹೇಳಪ್ಪ ಹೃಷಿ," ಎಂದರು ಕಾತ್ಯಾಯಿನಮ್ಮ. "ನಮ್ಮಲ್ಲಿ ಎಲೆಕ್ಷನ್ ಬಂದ್ರೆ ರಿವಾಲ್ವರ್ ಸ್ಟೇಷನ್ನಿಗೆ ಒಪ್ಪಿಸ್ಬೇಕು. ಇವ್ರು ಮನೆಯಿಂದ ಸೊಂಟದಲ್ಲೇ ಕಟ್ಕೊಂಡು ಹೋಗಿ, ಸ್ಟೇಷನ್ ಬಾಗ್ಲಲ್ಲಿ ಬಿಚ್ಚಿ ಕೊಡೋರು. ಇವತ್ತೂ ಹಂಗೇ. ಕ್ಯಾವನ್ ಬಾಗಿಲವರೆಗೆ ಇರಲಿ."

ಪಾಡ್ರಿಗ್ ಕೇಳಿಸಿಕೊಂಡ. ತನ್ನ ಅಜ್ಜನನ್ನು ಕಿವಿಯ ಮೆಷಿನ್ ಸಮೇತ ಸ್ಮಶಾನದವರೆಗೆ ಕರೆದೊಯ್ದಿದ್ದೆವು, ಪಾದ್ರಿಯ ಮಾತು ಕೇಳಿಸಲೆಂದು, ಎಂದ. ಆಮೇಲೆ ತಾನೇ ಬಗ್ಗಿ ಬೆಲ್ಟಿಗೆ ಹೊಸ ತೂತು ಕೊರೆದ. "ಗ್ರ್ಯಾಂಡ್."

ಊರ ಅಂಚಿನ ತಪಾಸಣೆಯಲ್ಲಿ ಅದೇ ಗಾರ್ಡಾ ನಿಂತಿದ್ದ. ಹೆಣದ ಗಾಡಿಯ ಗಾಜಿನಿಂದ ಪೆಟ್ಟಿಗೆ ಕಂಡಿತು, ಹಿಂದಿನ ಕಾರಿನಲ್ಲಿ ಹೃಷಿಕೇಶನೂ ಕಾತ್ಯಾಯಿನಮ್ಮನೂ ಕಂಡರು. ಯಾರು ಹೋದದ್ದೆಂದು ಅವನು ಕೇಳಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿಟ್ಟು, ಕೋಟಿನ ತೋಳು ಮೇಲೆತ್ತಿ, ಚಳಿಯಲ್ಲಿ ಬರೀ ಮಣಿಕಟ್ಟನ್ನು ಗಾಡಿಯ ಕಡೆಗೆ ಚಾಚಿ ನಿಂತ. ಪಕ್ಕದ ಲೀಟ್ರಿಮ್ ಜಿಲ್ಲೆ ದಾಟುವವರೆಗೂ ಕಾತ್ಯಾಯಿನಮ್ಮ ಅತ್ತರು.

ಚಿತಾಗಾರದ ಬಾಗಿಲಲ್ಲಿ ಪಾಡ್ರಿಗ್ ಪೆಟ್ಟಿಗೆಯ ಮುಚ್ಚಳ ತೆಗೆದ. ಶರ್ವಾಣಿ ತನ್ನ ಕಾರಿನಿಂದ ಇಳಿದು ಅಲ್ಲೇ ಒಂದು ಕಂಬದ ಹತ್ತಿರ ನಿಂತಿದ್ದಳು.

"ರಿಸಲ್ಟು ಬಂತಾ?" ಕೇಳಿದರು ಕಾತ್ಯಾಯಿನಮ್ಮ.

"ದಾರೀಲಿ ಬಂತು. ನೆಗೆಟಿವ್."

"ಮತ್ತೆ?"

"ಅಭ್ಯಾಸ ತಪ್ಪೋಗಿದೆ ಅಮ್ಮ. ಕಾಲು ಬರ್ತಿಲ್ಲ."

ಕಾತ್ಯಾಯಿನಮ್ಮ ಗಂಡನ ಬೆಲ್ಟು ಬಿಚ್ಚಿಕೊಂಡು, ಚೀಲದಿಂದ ಪಿಸ್ತೂಲನ್ನು ತೆಗೆದರು. ಕೊಳವೆ ಕೆಳಗೆ, ಬೆರಳು ಹೊರಗೆ. ಯಾರೂ ಇಲ್ಲದ ಗೋಡೆಯ ಕಡೆ ತಿರುಗಿ ಹಿಡಿಕೆ ಬಿಚ್ಚಿ, ಬ್ಯಾಟರಿಗಳನ್ನು ಅಂಗೈಗೆ ಉದುರಿಸಿಕೊಂಡರು. ಖಾಲಿ ಗೂಡನ್ನು ಗಂಡನ ಮುಚ್ಚಿದ ಕಣ್ಣಿನ ಮುಂದೆ ಹಿಡಿದರು. ಪಾಡ್ರಿಗ್‌ಗೂ ತೋರಿಸಿದರು. ಅವನು ಕನ್ನಡಕ ಹಾಕಿಕೊಂಡು ನೋಡಿ ತಲೆಯಾಡಿಸಿದ.

ಆಮೇಲೆ ಕಾತ್ಯಾಯಿನಮ್ಮ ಕಂಬದ ಕಡೆ ತಿರುಗಿದರು.

"ಖಾಲಿ," ಎಂದರು.

ನಲವತ್ತು ದಾಟಿದ ಡಾಕ್ಟರು ಕಂಬ ಬಿಟ್ಟು ಒಂದೇ ಓಟ ಓಡಿಬಂದು ಅಪ್ಪನ ಸೊಂಟ ತಬ್ಬಿಕೊಂಡಳು.