ಅಪ್ಪ ಹಾಕಿದ ಗಂಟು

"ನಾನು ಮುಟ್ಟಂಗಿಲ್ಲ ಸಾರ್. ಹಗ್ಗ ನೀವೇ ಬಿಚ್ಕೋಬೇಕು."

ದಲ್ಲಾಳಿ ಆವುಲಪ್ಪ ಎರಡು ಹೆಜ್ಜೆ ಹಿಂದೆ ಸರಿದು, ತಾನು ತಂದಿದ್ದ ಹೊಸ ಹಗ್ಗವನ್ನು ಹೆಗಲ ಮೇಲೆ ಸರಿಮಾಡಿಕೊಂಡ. ಎತ್ತು ಮಾರಿದರೂ ಹಗ್ಗ ಮಾರಬಾರದು. ಮಾರಿದವನು ತನ್ನದನ್ನು ಬಿಚ್ಚಿಕೊಳ್ಳಬೇಕು, ಕೊಂಡವನು ತನ್ನದನ್ನು ಕಟ್ಟಿಕೊಳ್ಳಬೇಕು. ಉದ್ದನಪಲ್ಲಿಯಲ್ಲಿ ಹುಟ್ಟಿದ ಮುನಿಕೃಷ್ಣಪ್ಪನಿಗೆ ಇದು ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ.

ಕೈಗಡಿಯಾರ ನೋಡಿಕೊಂಡ. ಒಂದು ಗಂಟೆ. ಎರಡಕ್ಕೆ ಮೂಕಂಡಪಲ್ಲಿಯ ಕಾರ್ಖಾನೆಯಲ್ಲಿ ಪಾಳಿ. ಅಳತೆ ತಪ್ಪಿದ ಬಿಡಿಭಾಗಗಳಿಗೆ ಕೆಂಪು ಬಣ್ಣ ಹಚ್ಚಿ ಪಕ್ಕಕ್ಕಿಡುವುದು ಅವನ ಕೆಲಸ. ಏಳು ವರ್ಷದಲ್ಲಿ ಒಂದು ದಿನವೂ ತಡವಾಗಿ ಹೋದವನಲ್ಲ. ಅಲ್ಲಿಯ ಹಾಜರಿ ಪುಸ್ತಕದಲ್ಲಿ ಅವನು ಕೃಷ್ಣನ್. ಯಾರೋ ಹಾಗೆ ಬರೆದರು. ಅವನು ತಿದ್ದಿಸಲು ಹೋಗಲಿಲ್ಲ.

ಎತ್ತಿನ ಕೊರಳಿಗೆ ಕೈ ಹಾಕಿದ. ಗಂಟು ಕಲ್ಲಿನಂತಿತ್ತು.

ಇಪ್ಪತ್ತಮೂರು ದಿನದ ಹಿಂದೆ ಅಪ್ಪ ಹಾಕಿದ ಗಂಟು ಅದು. ಅಂದು ಬೆಳಿಗ್ಗೆ ಅಪ್ಪ ನರಸಿಂಹಪ್ಪ ಎತ್ತಿಗೆ ನೀರು ತೋರಿಸಿ, ಮೈ ಉಜ್ಜಿ, ಕೊರಳಿಗೆ ಹಗ್ಗ ಹಾಕಿ ಗೂಟಕ್ಕೆ ಕಟ್ಟಿ, ಕೈ ತೊಳೆಯಲೆಂದು ನಲ್ಲಿಯ ಹತ್ತಿರ ಹೋದವರು ಅಲ್ಲೇ ಕುಸಿದರು, ಮತ್ತೆ ಏಳಲಿಲ್ಲ. ಆಮೇಲೆ ಯಾರೂ ಅದನ್ನು ಬಿಚ್ಚಿರಲಿಲ್ಲ. ಅವನ ಹೆಂಡತಿ ಭಾಗ್ಯಮ್ಮ ಎತ್ತು ನಿಂತಲ್ಲಿಗೇ ಹುಲ್ಲು ಹಾಕುತ್ತಿದ್ದಳು, ಬಕೆಟ್ಟಿನಲ್ಲಿ ನೀರಿಡುತ್ತಿದ್ದಳು. ಎತ್ತು ಗೂಟ ಸುತ್ತಿ ಸುತ್ತಿ, ನೆಲದಲ್ಲಿ ತಟ್ಟೆಯಂತೆ ದುಂಡಗೆ ಒಂದು ವೃತ್ತ ಸವೆಸಿತ್ತು.

"ಕುಡುಗೋಲು ತರ್ಲೇನ್ರೀ?" ಭಾಗ್ಯಮ್ಮ ಬಾಗಿಲಿನಿಂದಲೇ ಕೇಳಿದಳು.

"ಕುಯ್ಯಬ್ಯಾಡ್ರಮ್ಮ," ಎಂದ ಆವುಲಪ್ಪ. "ಹಗ್ಗ ಕುಯ್ದು ಕೊಟ್ಟ ಎತ್ತು ಯಾವನೂ ಲಾರಿ ಹತ್ತಿಸ್ಕೊಳಲ್ಲ. ಒಳ್ಳೇದಲ್ಲ."

ಕಟುಕನ ಲಾರಿ ಹತ್ತುವ ಎತ್ತಿಗೂ ಒಳ್ಳೆಯದು ಕೆಟ್ಟದ್ದು ನೋಡಬೇಕು. ಮುನಿಕೃಷ್ಣಪ್ಪ ನಗಲು ನೋಡಿದ. ಆಗಲಿಲ್ಲ.

ಪಕ್ಕದ ಕಾಂಪೌಂಡಿನ ಮೇಲೆ ಸುಬ್ಬರಾಮ ಮೇಷ್ಟ್ರ ತಲೆ ಕಂಡಿತು. ದಲ್ಲಾಳಿಯನ್ನು ಗೊತ್ತುಮಾಡಿದವರು ಅವರೇ.

"ಆಯ್ತೇನಪ್ಪಾ?"

"ಆಗ್ತಾ ಇದೆ ಸಾರ್."

"ನಿನ್ನ ಒಳ್ಳೇದಕ್ಕೇ ಹೇಳಿದ್ದು."

"ಹೌದು ಸಾರ್."

ಎರಡು ವರ್ಷದ ಹಿಂದೆ, ಅಪ್ಪ ಆಲಸನತ್ತಂನ ಈ ಹೊಸ ಬಡಾವಣೆಗೆ ಬಂದಾಗಲೇ ಮೇಷ್ಟ್ರು ಅರ್ಜಿ ಹಿಡಿದು ಬಂದಿದ್ದರು: ಸಗಣಿ, ನೊಣ, ನಾಗರಿಕತೆ. ಅಪ್ಪ ಬಸ್ಸಿನಲ್ಲಿ ಬಂದಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದ ಈ ಮುದಿ ಎತ್ತನ್ನು ಉದ್ದನಪಲ್ಲಿಯಿಂದ ಒಂದು ಹಗಲು ನಡೆಸಿಕೊಂಡು ಬಂದಿದ್ದರು. "ನಾನು ಬತ್ತೀನಿ, ಕೆಂದನೂ ಬತ್ತಾನೆ. ಇಬ್ರಿಗೂ ಜಾಗ ಐತಾ ಹೇಳು" ಎಂದು ಮೊದಲೇ ಹೇಳಿ ಕಳಿಸಿದ್ದರು. ಅರ್ಜಿಯನ್ನು ಮೇಷ್ಟ್ರ ಬಾಯಿಂದಲೇ ಪೂರ್ತಿ ಓದಿಸಿ ಕೇಳಿ ಅಂದಿದ್ದರು: "ನಮ್ ಕೆಂದ ಬೊಗಳಲ್ಲ, ಕಚ್ಚಲ್ಲ, ಅರ್ಜಿ ಬರ್ಯಲ್ಲ. ಇಂಥ ನೆರೆಯವ್ನು ನಿಮಗೆ ಎಲ್ಲಿ ಸಿಕ್ತಾನೆ ಸ್ವಾಮಿ?"

ಅಂದು ಮುನಿಕೃಷ್ಣಪ್ಪ ಒಳಗಿದ್ದ. ಹೊರಗೆ ಬಂದಿರಲಿಲ್ಲ.

ಗಂಟಿನೊಳಗೆ ಉಗುರು ತೂರಿಸಿ ಎಳೆದ. ಉಗುರು ಸೀಳಿತು. ಎಳೆದಷ್ಟೂ ಗಂಟು ಕಚ್ಚಿಕೊಳ್ಳುತ್ತಿತ್ತು.

"ನಿಮ್ಮಪ್ಪಾರು ಕಲಿಸಿಲ್ವಾ ಸಾರ್?"

ಮುನಿಕೃಷ್ಣಪ್ಪ ಗಂಟನ್ನು ಇನ್ನೊಂದು ಬದಿಗೆ ತಿರುಗಿಸಿದ. ಒಮ್ಮೆ ಕೇಳಿದ್ದ. ಎಂಟು ವರ್ಷವಿದ್ದಾಗ, ಕೊಟ್ಟಿಗೆಯಲ್ಲಿ ಹಗ್ಗ ಹಿಡಿದು ನಿಂತು, "ನಂಗೂ ತೋರ್ಸಪ್ಪ" ಎಂದಿದ್ದ. ಅಪ್ಪ ಹಗ್ಗ ಕಸಿದುಕೊಂಡು ಅವನ ಅಂಗೈಯನ್ನು ತಮ್ಮ ಪಂಚೆಯಲ್ಲಿ ಒರೆಸಿದ್ದರು. "ನಿಂಗ್ಯಾಕ್ಲಾ ಇದು? ಹೋಗು, ಓದ್ಕೋ ಹೋಗು. ಈ ಕೈ ಸಗಣಿ ನಾರಬಾರ್ದು ಕಣ್ಲಾ."

ಹೈಸ್ಕೂಲಿನ ಕೊನೆಯ ವರ್ಷ, ಮಳೆಯ ದಿನಗಳಲ್ಲಿ ಇದೇ ಕೆಂದನನ್ನು ಜೊತೆಯೆತ್ತಿನೊಡನೆ ಗಾಡಿಗೆ ಹೂಡಿ ಅವನನ್ನು ರಾಯಕೋಟೆಯ ಶಾಲೆಯವರೆಗೆ ಬಿಟ್ಟು ಬರುತ್ತಿದ್ದರು. ಪರೀಕ್ಷೆಯ ತಿಂಗಳು, ಮಗನ ಓದಿಗೆ ಸದ್ದಾಗಬಾರದೆಂದು ದನಗಳ ಕೊರಳಿನ ಗಂಟೆಗಳನ್ನೆಲ್ಲ ಬಿಚ್ಚಿಟ್ಟಿದ್ದರು. ಗಂಟೆಯಿಲ್ಲದ ಒಂದು ಕರು ಗುಡ್ಡದ ಕಡೆ ಹೋದದ್ದು ತಿಳಿಯದೆ ಕಳೆದೇ ಹೋಯಿತು. ಮೂರು ದಿನ ಹುಡುಕಿದ್ದರು. ಅದನ್ನು ಮಗನಿಗೆ ಹೇಳಿದ್ದು ಪರೀಕ್ಷೆ ಮುಗಿದ ಮೇಲೆ. ಅದೂ ಊಟದ ನಡುವೆ, ಬೇರೆ ಯಾರದೋ ಮನೆಯ ಸುದ್ದಿಯಂತೆ.

ದನಗಳಿಗೆ ನೀರು ತೋರಿಸದೆ ತಾವು ಬಾಯಿಗೆ ತುತ್ತಿಡದ ಮನುಷ್ಯ. ಎತ್ತಿನ ಗೊರಸಿನ ಮುಳ್ಳನ್ನು ಹಲ್ಲಿನಿಂದ ಕಿತ್ತ ಮನುಷ್ಯ. ಮಗನನ್ನು ಮಾತ್ರ ಕೊಟ್ಟಿಗೆಯ ಹೊಸ್ತಿಲಾಚೆ ನಿಲ್ಲಿಸಿ ಬೆಳೆಸಿದರು. ಎಷ್ಟು ಚೆನ್ನಾಗಿ ಬೆಳೆಸಿದರೆಂದರೆ, ಈಗ ಅವನಿಗೆ ಒಂದು ಗಂಟು ಬಿಚ್ಚಲು ಬರುವುದಿಲ್ಲ.

ಅವನು ಮಂಡಿಯೂರಿದ. ಇಸ್ತ್ರಿ ಮಾಡಿದ ಪ್ಯಾಂಟಿಗೆ ಸಗಣಿ ಮೆತ್ತಿತು. ಕೊರಳಡಿ ಜೋಲುವ ಗಂಗೆದೊಗಲಿನ ಕೆಳಗೆ ಅವನ ಕೈ ಬಂದದ್ದೇ ಎತ್ತು ಕೊರಳು ತಗ್ಗಿಸಿತು, ದಿನವೂ ಅಪ್ಪನ ಕೈಗೆ ತಗ್ಗಿಸುತ್ತಿದ್ದಂತೆ. ಹಗ್ಗ ಸಡಿಲವಾಯಿತು. ಹೆಬ್ಬೆರಳು ಎಲ್ಲೋ ಒತ್ತಿತು. ಗಂಟು ತಾನಾಗಿ ಬಾಯಿ ಬಿಟ್ಟಿತು.

ಅಷ್ಟೇ. ಬಲವೇ ಬೇಕಿರಲಿಲ್ಲ.

"ಬಿಡಿ ಸಾರ್, ಇನ್ನು ನಂದು," ಎಂದು ಆವುಲಪ್ಪ ಹೊಸ ಹಗ್ಗ ಬಿಡಿಸುತ್ತ ಮುಂದೆ ಬಂದ.

"ಮುಟ್ಟಬೇಡ."

"ಏನ್ ಸಾರ್?"

"ಕೊಡಲ್ಲ."

"ಹಗ್ಗ ಬಿಚ್ಚಿದ್ ಮ್ಯಾಲೆ ಇಲ್ಲ ಅನ್ನಂಗಿಲ್ಲ ಸಾರ್. ನಮ್ ಕಸುಬಲ್ಲಿ ಅದು ಮಾತು ಕೊಟ್ಟಂಗೆ."

"ನಿನ್ನ ಕಸುಬು ನಿನಗೆ. ಹೋಗು."

ಕಾಂಪೌಂಡಿನ ಮೇಲೆ ಮೇಷ್ಟ್ರು ಮತ್ತೆ ಕಂಡರು. "ಏನಪ್ಪಾ ಕೃಷ್ಣಾ, ವಿದ್ಯಾವಂತ ನೀನು..."

"ಮುನಿಕೃಷ್ಣಪ್ಪ," ಎಂದ ಅವನು, ತಿರುಗಿ ನೋಡದೆ. "ಉದ್ದನಪಲ್ಲಿ ನರಸಿಂಹಪ್ಪನ ಮಗ. ಇನ್ನೊಂದು ಅರ್ಜಿ ಬರ್ಕೊಳ್ಳಿ ಸಾರ್. ನಾನೂ ಓದಿಸಿ ಕೇಳ್ತೀನಿ."

ತಲೆ ಕೆಳಗಿಳಿಯಿತು. ಆವುಲಪ್ಪನಿಗೆ ಕೋಪ ಬಂದಂತಿರಲಿಲ್ಲ. ಇಂಥವರನ್ನು ಬಹಳ ಕಂಡವನಂತೆ ಹಗ್ಗವನ್ನು ಸುರುಳಿ ಸುತ್ತಿಕೊಂಡು, ಗೇಟಿನ ಹತ್ತಿರ ನಿಂತ. "ಸರಿ ಸಾರ್. ಈಗ ಕಟ್ಟಿ, ನೋಡಾನ. ಕಣ್ಣಿಲ್ಲದ ಎತ್ತು, ಕೃಷ್ಣಗಿರಿ ರೋಡು ಪಕ್ಕದಲ್ಲೇ ಐತೆ." ಹೋದ.

ಮುನಿಕೃಷ್ಣಪ್ಪ ಹಗ್ಗವನ್ನು ಕೊರಳಿಗೆ ಸುತ್ತಿ ಗಂಟು ಹಾಕಿದ. ಎತ್ತು ತಲೆಯಾಡಿಸಿತು, ಬಿಚ್ಚಿಹೋಯಿತು. ಇನ್ನೊಮ್ಮೆ ಹಾಕಿದ. ಎತ್ತು ಒಂದು ಹೆಜ್ಜೆ ಇಟ್ಟಾಗ ಅದು ಉರುಳಿನಂತೆ ಬಿಗಿದುಕೊಂಡಿತು, ಎತ್ತು ಕೆಮ್ಮಿತು. ಗಾಬರಿಯಲ್ಲಿ ಸಡಿಲಿಸಿದ. ಉಸಿರು ಕಟ್ಟಬಾರದು, ಜಾರಲೂಬಾರದು. ಅಪ್ಪ ಮಾತಾಡುತ್ತಲೇ, ಬೀಡಿ ಕಚ್ಚಿಕೊಂಡೇ, ಎತ್ತಲೋ ನೋಡುತ್ತಲೇ ಅದನ್ನು ಹಾಕುತ್ತಿದ್ದರು.

ಹೆದ್ದಾರಿಯಲ್ಲಿ ಲಾರಿಯೊಂದು ಕೂಗಿಕೊಂಡು ಹೋಯಿತು. ಎತ್ತು ಸದ್ದಿನ ಕಡೆಗೆ ಮುಖ ತಿರುಗಿಸಿತು.

ಕಾರ್ಖಾನೆಯ ಮೊದಲ ಸೈರನ್ ಕೇಳಿಸಿತು.

"ಟೈಮಾಯ್ತು ಕಣ್ರೀ," ಭಾಗ್ಯಮ್ಮ ಅವನ ಊಟದ ಕ್ಯಾರಿಯರ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಕಟ್ಟಿ ಆಯ್ತಾ?"

"ಹ್ಞೂಂ."

"ಹಂಗಾದ್ರೆ ಹೊರಡಿ."

"ಹೋಗು ನೀನು."

ಅವಳು ಅವನ ಕೈಯಲ್ಲೇ ಇದ್ದ ಹಗ್ಗ ನೋಡಿದಳು. ಕ್ಯಾರಿಯರನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದಳು.

ಅವನು ಹಗ್ಗವನ್ನು ಮತ್ತೆ ಕೊರಳಿನ ಸುತ್ತ ತಂದ. ಗಂಟು ಹಾಕಲಿಲ್ಲ. ಹಗ್ಗದ ತುದಿ ಸುತ್ತಿ ಬಂದು ಹಗ್ಗಕ್ಕೆ ಸೇರುವ ಜಾಗವನ್ನು ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಬಿಟ್ಟರೆ ಬಿಚ್ಚಿಹೋಗುತ್ತದೆ. ಎತ್ತು ನಡೆಯತೊಡಗಿತು, ಸವೆದ ವೃತ್ತದಲ್ಲೇ, ಗೂಟದ ಸುತ್ತ. ಅವನೂ ಅದರ ಕೊರಳಿಗೆ ಆತುಕೊಂಡು ಅದೇ ಗುರುತಿನ ಮೇಲೆ ಕಾಲಿಡುತ್ತ ನಡೆದ.

ಎರಡನೆಯ ಸೈರನ್ ಶುರುವಾಯಿತು. ಅವನು ಮುಷ್ಟಿ ಬಿಡಲಿಲ್ಲ.